ಸ್ಟಿರಾಯ್ಡ್ ಗುಳಿಗೆ ನುಂಗುವವರಿಗೆ ಒಬ್ಬ ಟೈಲರಮ್ಮನ ಅಳತೆ ಪುಸ್ತಕ

ನನಗೆ ಮಯಸ್ತೇನಿಯಾ ಗ್ರೇವಿಸ್ ಇದೆ. ನರದಿಂದ ಬರುವ ಸಂದೇಶ ಸ್ನಾಯುವಿಗೆ ಸರಿಯಾಗಿ ಮುಟ್ಟದ ಕಾಯಿಲೆ ಇದು. ಮೈ ಕಾಯಬೇಕಾದ ಪ್ರತಿಕಾಯಗಳೇ ಸಂದೇಶ ಹಿಡಿಯುವ ಜಾಗವನ್ನು ಹಾಳು ಮಾಡುತ್ತವೆ. ಬೆಳಿಗ್ಗೆ ಸರಿ ಇದ್ದ ರೆಪ್ಪೆ ಸಂಜೆಗೆ ಜೋತು ಬೀಳುತ್ತದೆ. ಒಂದು ಇದ್ದದ್ದು ಎರಡಾಗಿ ಕಾಣುತ್ತದೆ. ದಾವಣಗೆರೆಯ ನಿಟುವಳ್ಳಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ನಾನು ಬ್ಲೌಸ್ ಹೊಲಿಯುತ್ತೇನೆ. ಎರಡು ಸೂಜಿ ಕಂಡರೆ ಯಾವುದಕ್ಕೆ ದಾರ ಪೋಣಿಸಲಿ ಹೇಳಿ.

ಪ್ರೆಡ್ನಿಸೋಲೋನ್ ಅನ್ನುವ ಸ್ಟಿರಾಯ್ಡ್ ಗುಳಿಗೆ ಶುರುವಾದ ಮೇಲೆ ಸೂಜಿ ಮತ್ತೆ ಒಂದಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಇರುವುದೆಲ್ಲ ತೊಂದರೆಗಳ ಮಾತೇ. ಓದಿ ಹೆದರಿ ಯಾರೂ ಗುಳಿಗೆ ಕಸಕ್ಕೆ ಹಾಕಬಾರದು. ಸ್ನಾಯುವಿಗೆ ಉರಿಯೂತ ಬರುವ ಮಯೋಸೈಟಿಸ್, ನರದ ಹೊದಿಕೆ ಕೆಡುವ ಸಿಐಡಿಪಿ ಇರುವವರಿಗೂ, ಹುಟ್ಟಿನಿಂದಲೇ ಬಂದು ಸ್ನಾಯು ಸವೆಸುವ ಡುಶೇನ್ ಕಾಯಿಲೆ ಇರುವ ಗಂಡುಮಕ್ಕಳಿಗೂ ಇದೇ ಜಾತಿಯ ಔಷಧಿ ಕೊಡುತ್ತಾರೆ. ಮಕ್ಕಳಲ್ಲಿ ಎತ್ತರ ಕಡಿಮೆಯಾಗುವುದು, ಪ್ರಾಯಕ್ಕೆ ಬರುವುದು ತಡವಾಗುವುದು ಅಂತ ಬೇರೆ ಚಿಂತೆಗಳಿವೆ. ಅದನ್ನು ಮಕ್ಕಳ ಡಾಕ್ಟರೇ ಹೇಳಬೇಕು. ನಾನು ದೊಡ್ಡವರ ಮಟ್ಟಿಗೆ ಬರೆಯುತ್ತೇನೆ.

ಮೊದಲ ಎರಡು ವಾರ

ಇದನ್ನು ಯಾರಾದರೂ ಮೊದಲೇ ಹೇಳಿದರೆ ಅರ್ಧ ಗಾಬರಿ ತಪ್ಪುತ್ತದೆ. ಮಯಸ್ತೇನಿಯಾದಲ್ಲಿ ಸ್ಟಿರಾಯ್ಡ್ ಶುರು ಮಾಡಿದಾಗ, ಅದರಲ್ಲೂ ದೊಡ್ಡ ಡೋಸಿನಿಂದ ಶುರು ಮಾಡಿದಾಗ, ಮೊದಲ ಒಂದೆರಡು ವಾರ ಕಾಯಿಲೆಯೇ ಜಾಸ್ತಿಯಾಗಬಹುದು. ಅದಕ್ಕೇ ಕೆಲವು ಡಾಕ್ಟರುಗಳು ಚಿಕ್ಕ ಡೋಸಿನಿಂದ ಮೆಲ್ಲಗೆ ಏರಿಸುತ್ತಾರೆ. ಕೆಲವರು ಅಡ್ಮಿಟ್ ಮಾಡಿಕೊಂಡು ಕೊಡುತ್ತಾರೆ. ಆ ದಿನಗಳಲ್ಲಿ ಮನೆಯಲ್ಲಿ ಒಬ್ಬರೇ ಇರಬೇಡಿ. ನುಂಗಲು ಆಗುತ್ತಿಲ್ಲ, ನೀರು ಮೂಗಿಗೆ ಬರುತ್ತಿದೆ, ಮಲಗಿದರೆ ಉಸಿರು ಕಟ್ಟುತ್ತಿದೆ ಅಂದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.

ಗುಳಿಗೆಯನ್ನು ಬೆಳಿಗ್ಗೆ ತಿಂಡಿ ಆದ ಮೇಲೆ ತೆಗೆದುಕೊಳ್ಳಿ. ಮೈಯೇ ತಯಾರಿಸುವ ಸ್ಟಿರಾಯ್ಡ್ ಆದ ಕಾರ್ಟಿಸಾಲ್ ಕೂಡ ಬೆಳಿಗ್ಗೆಯೇ ಜಾಸ್ತಿ ಇರುತ್ತದೆ. ಸಂಜೆ ನುಂಗಿದರೆ ನಿದ್ದೆ ಹತ್ತಿರ ಸುಳಿಯುವುದಿಲ್ಲ. ಬೆಳಿಗ್ಗೆ ನುಂಗಿದರೂ ಶುರುವಿನಲ್ಲಿ ನಡುರಾತ್ರಿ ಎದ್ದು ಕೂತು ಫಾಲ್ ಹಚ್ಚಿದ್ದೇನೆ. ಕೆಲಸ ಮುಗಿಯುತ್ತಿತ್ತು ನಿಜ, ಆದರೆ ಮರುದಿನ ಸಿಡಿಮಿಡಿ. ಸುಮ್ನೆ ಸುಮ್ನೆ ಅಳು, ಸುಮ್ನೆ ಸುಮ್ನೆ ಸಿಟ್ಟು. ಇದೂ ಗುಳಿಗೆಯ ಕೆಲಸ ಅಂತ ಮನೆಯವರಿಗೆ ಮೊದಲೇ ತಿಳಿಸಿ. ಅತಿಯಾದ ಉತ್ಸಾಹ, ವಿಪರೀತ ಬೇಸರ, ಸಾಯುವ ಯೋಚನೆ ಬಂದರೆ ಮುಚ್ಚಿಡದೆ ಅವತ್ತೇ ಡಾಕ್ಟರಿಗೆ ಹೇಳಿ.

ಟೇಪು, ತಕ್ಕಡಿ, ಪುಸ್ತಕ

ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಹಿಂದಿನ ಪುಟಗಳು ನನ್ನವು. ತೂಕಕ್ಕಿಂತ ಟೇಪು ನನಗೆ ಜಾಸ್ತಿ ಹೇಳಿದೆ. ಸ್ಟಿರಾಯ್ಡ್ ಕೊಬ್ಬನ್ನು ಮೈತುಂಬ ಸಮನಾಗಿ ಹಂಚುವುದಿಲ್ಲ. ಮುಖ, ಕುತ್ತಿಗೆಯ ಹಿಂಭಾಗ, ಹೊಟ್ಟೆ ದಪ್ಪವಾಗುತ್ತವೆ. ತೋಳು, ತೊಡೆ ಸೊರಗುತ್ತವೆ. ಬ್ಲೌಸಿನ ಭಾಷೆಯಲ್ಲಿ ಹೇಳಬೇಕೆಂದರೆ ಸೊಂಟದ ಹೊಲಿಗೆ ಬಿಚ್ಚಬೇಕು, ತೋಳನ್ನು ಒಳಗೆ ಹಿಡಿಯಬೇಕು. ತಿಂಗಳಿಗೊಮ್ಮೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಹೊಕ್ಕುಳ ಮಟ್ಟದಲ್ಲಿ ಹೊಟ್ಟೆಯ ಸುತ್ತಳತೆ ಮತ್ತು ಬಲ ತೊಡೆಯ ಸುತ್ತಳತೆ ಬರೆದಿಡಿ. ತೊಡೆಗೆ ಮಂಡಿಚಿಪ್ಪಿನಿಂದ ಒಂದು ಗೇಣು ಮೇಲೆ ಅಂತ ಒಂದೇ ಜಾಗ ಇಟ್ಟುಕೊಳ್ಳಿ. ಟೇಪನ್ನು ಬಿಗಿಯಬೇಡಿ. ಹೊಟ್ಟೆ ಏರುತ್ತಾ ತೊಡೆ ಇಳಿಯುತ್ತಾ ಹೋದರೆ ಆ ಪುಟ ಡಾಕ್ಟರಿಗೆ ತೋರಿಸಿ.

ತೂಕ ವಾರಕ್ಕೊಮ್ಮೆ ಸಾಕು. ಆದರೆ ಒಂದೆರಡು ದಿನದಲ್ಲೇ ತೂಕ ಹಾರಿ, ಪಾದದ ಮೇಲೆ ಬೆರಳೊತ್ತಿದರೆ ಗುಳಿ ಉಳಿದರೆ ಅದು ಕೊಬ್ಬಲ್ಲ, ನೀರು. ಆಗ ಬಿಪಿಯೂ ಏರಿರಬಹುದು. ಬಿಪಿ ಏರಿತು ಅಂತ ಹೊಸ ಡಾಕ್ಟರ ಹತ್ತಿರ ಹೋದರೆ ಮಯಸ್ತೇನಿಯಾ ಇದೆ ಅಂತ ಬಾಯಿಬಿಟ್ಟು ಹೇಳಿ. ಪ್ರೊಪ್ರಾನಲಾಲ್ ಥರದ ಬೀಟಾ ಬ್ಲಾಕರ್ ಗುಳಿಗೆಗಳು ನಮ್ಮ ಕಾಯಿಲೆಯನ್ನು ಕೆದಕಬಹುದು. ಬಿಪಿಗೆ ಬೇರೆ ಗುಳಿಗೆಗಳು ಬೇಕಾದಷ್ಟಿವೆ.

ಇನ್ನು ಶುಗರ್. ಇಲ್ಲಿ ಎಲ್ಲರೂ ಮಾಡುವುದು ಖಾಲಿ ಹೊಟ್ಟೆಯ ಪರೀಕ್ಷೆ. ಬೆಳಿಗ್ಗೆ ಏಳಕ್ಕೆ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು, ನಾರ್ಮಲ್ ಬಂತು ಅಂತ ಖುಷಿಯಾಗಿ ಬರುತ್ತಾರೆ. ಬೆಳಿಗ್ಗೆ ನುಂಗಿದ ಪ್ರೆಡ್ನಿಸೋಲೋನ್ ಶುಗರ್ ಏರಿಸುವುದು ಮಧ್ಯಾಹ್ನ ಮತ್ತು ಸಂಜೆ. ಮರುದಿನ ಬೆಳಿಗ್ಗೆ ಹೊತ್ತಿಗೆ ಅದು ಇಳಿದಿರುತ್ತದೆ. ಹಾಗಾಗಿ ಮಧ್ಯಾಹ್ನದ ಊಟವಾಗಿ ಎರಡು ಗಂಟೆ ಬಿಟ್ಟು ನೋಡಬೇಕು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಡಾಕ್ಟರನ್ನು ಕೇಳಿ. ಪದೇ ಪದೇ ಬಾಯಾರಿಕೆ, ರಾತ್ರಿ ಎದ್ದೆದ್ದು ಮೂತ್ರಕ್ಕೆ ಹೋಗುವುದು ಇದ್ದರೆ ತಡ ಮಾಡಬೇಡಿ.

ಹಸಿವು ಮತ್ತು ನಮ್ಮೂರು

ಈ ಗುಳಿಗೆಯ ಹಸಿವು ಮಾಮೂಲಿ ಹಸಿವಲ್ಲ. ಊಟ ಮಾಡಿ ಕೈ ತೊಳೆದ ಮೇಲೂ ಡಬ್ಬಿ ಎಲ್ಲಿದೆ ಅಂತ ಕಣ್ಣು ಹುಡುಕುತ್ತದೆ. ಅಂಥದ್ದರಲ್ಲಿ ಬೆಣ್ಣೆದೋಸೆಯ ಊರಲ್ಲಿ ಇದ್ದೇವೆ. ಸಂಜೆಯಾದರೆ ಬೀದಿಗೊಂದು ಕಡೆ ಖಾರ ಮಂಡಕ್ಕಿ, ಮಿರ್ಚಿ. ಬೆಣ್ಣೆದೋಸೆ ಬಿಡಿ ಅಂತ ನಾನು ಹೇಳುವುದಿಲ್ಲ, ನನ್ನ ಕೈಲೂ ಆಗಿಲ್ಲ. ಅಪರೂಪಕ್ಕೆ ತಿನ್ನಿ, ಒಂದಕ್ಕೆ ನಿಲ್ಲಿಸಿ, ಅವತ್ತು ಮಧ್ಯಾಹ್ನ ಅನ್ನ ಕಡಿಮೆ ಮಾಡಿ.

ನನ್ನ ಲೆಕ್ಕದಲ್ಲಿ ಬೆಣ್ಣೆಗಿಂತ ದೊಡ್ಡ ಕಳ್ಳ ಉಪ್ಪು. ಮಂಡಕ್ಕಿ ಹಗುರ ಅಂತ ಅಂದುಕೊಳ್ಳುತ್ತೇವೆ. ಅದರಲ್ಲೇ ಉಪ್ಪಿರುತ್ತದೆ, ಮೇಲೆ ಖಾರದ ಜೊತೆ ಇನ್ನಷ್ಟು ಬೀಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ಖಾರ, ಎಲ್ಲ ಅದೇ. ಸ್ಟಿರಾಯ್ಡ್ ಉಪ್ಪನ್ನೂ ನೀರನ್ನೂ ಮೈಯಲ್ಲಿ ಹಿಡಿದಿಡುತ್ತದೆ, ಪೊಟ್ಯಾಸಿಯಂ ಅನ್ನು ಹೊರಗೆ ಕಳಿಸುತ್ತದೆ. ಮಂಡಕ್ಕಿ ತಿನ್ನಲೇಬೇಕೆಂದರೆ ಮನೆಯಲ್ಲಿ ಸೌತೆಕಾಯಿ, ಟೊಮೆಟೊ, ಈರುಳ್ಳಿ ಜಾಸ್ತಿ ಹಾಕಿ, ಬೇರೆ ಉಪ್ಪು ಹಾಕದೆ ನಿಂಬೆಹಣ್ಣು ಹಿಂಡಿ ಕಲಸಿಕೊಳ್ಳಿ. ಹಸಿವು ತಡೆಯಲು ನನಗೆ ಆಗಿಬಂದದ್ದು ಜೋಳದ ರೊಟ್ಟಿ ಮತ್ತು ಕಾಳಿನ ಪಲ್ಯ, ಬೇಯಿಸಿದ ಮೊಟ್ಟೆ, ನೀರು ಮಜ್ಜಿಗೆ.

ಯಾವ ಸುಸ್ತು ಯಾವುದರದ್ದು?

ಸ್ನಾಯುವಿನ ಕಾಯಿಲೆಗೆ ಕೊಡುವ ಸ್ಟಿರಾಯ್ಡ್, ಬಹಳ ದಿನ ದೊಡ್ಡ ಡೋಸಿನಲ್ಲಿ ತಿಂದರೆ, ಸ್ನಾಯುವನ್ನೇ ಬಲಹೀನ ಮಾಡಬಹುದು. ವಿಚಿತ್ರ ಅಲ್ವಾ? ಇದಕ್ಕೆ ಸ್ಟಿರಾಯ್ಡ್ ಮಯೋಪತಿ ಅನ್ನುತ್ತಾರೆ. ಇದನ್ನು ಕಾಯಿಲೆ ಜಾಸ್ತಿಯಾಯಿತು ಅಂತ ತಿಳಿದು ಗುಳಿಗೆ ಏರಿಸಿದರೆ ಬಲಹೀನತೆ ಇನ್ನೂ ಏರುತ್ತದೆ. ಹಾಗಾಗಿ ವ್ಯತ್ಯಾಸ ಗಮನಿಸುವುದು ಮುಖ್ಯ. ಪರೀಕ್ಷೆ ಮಾಡಿ ತೀರ್ಮಾನ ಹೇಳುವವರು ನ್ಯೂರಾಲಜಿ ಡಾಕ್ಟರೇ. ಆದರೆ ಅವರು ನಮ್ಮನ್ನು ನೋಡುವುದು ಹತ್ತು ನಿಮಿಷ, ನಾವು ನಮ್ಮನ್ನು ನೋಡುವುದು ದಿನಪೂರ್ತಿ.

ಮಯಸ್ತೇನಿಯಾದ ಸುಸ್ತು ಏರಿಳಿಯುತ್ತದೆ. ಕೆಲಸ ಮಾಡಿದಷ್ಟೂ ಜಾಸ್ತಿ, ಒಂದು ಗಳಿಗೆ ಮಲಗಿ ಎದ್ದರೆ ಕಡಿಮೆ. ನರದ ಸಂದೇಶ ಸ್ನಾಯುವಿಗೆ ಮುಟ್ಟಲು ನೆರವಾಗುವ ಪಿರಿಡೋಸ್ಟಿಗ್ಮಿನ್ ಗುಳಿಗೆ ನುಂಗಿದ ಮೇಲೆ ಸುಧಾರಿಸುತ್ತದೆ. ಅದರ ಜೊತೆ ರೆಪ್ಪೆ, ಮಾತು, ಅಗಿಯುವುದು, ನುಂಗುವುದು, ಇವುಗಳಲ್ಲಿ ಯಾವುದಾದರೂ ಕೈಕೊಡುತ್ತದೆ. ಸ್ಟಿರಾಯ್ಡ್ ತರುವ ಬಲಹೀನತೆಗೆ ಬೆಳಿಗ್ಗೆ ಸಂಜೆ ಅಂತ ಭೇದವಿಲ್ಲ. ನೋವಿಲ್ಲದೆ, ವಾರಗಟ್ಟಲೆ ತೆಗೆದುಕೊಂಡು ಮೆಲ್ಲಗೆ ಬರುತ್ತದೆ. ತೊಡೆ, ಸೊಂಟದಲ್ಲಿ ಮೊದಲು ಗೊತ್ತಾಗುತ್ತದೆ. ಕಣ್ಣು ಸರಿ ಇರುತ್ತದೆ, ಮಾತು ಸರಿ ಇರುತ್ತದೆ, ನೆಲದಿಂದ ಏಳಲು ಮಾತ್ರ ಆಗುವುದಿಲ್ಲ.

ನೆಲದ ಮೇಲೆ ಬಟ್ಟೆ ಹಾಸಿ ಕತ್ತರಿಸುವುದು ನನ್ನ ಅಭ್ಯಾಸ. ಏಳುವಾಗ ಮೆಷಿನ್ನಿನ ಕಾಲು ಹಿಡಿಯುವುದು ದಿನದ ಮೊದಲ ಬ್ಲೌಸಿಗೇ ಶುರುವಾದಾಗ ಪುಸ್ತಕದಲ್ಲಿ ಬರೆದೆ. ನಿಮಗೆ ಸುಲಭದ ಪರೀಕ್ಷೆ ಕುರ್ಚಿ. ಹಿಂದೆ ಗೋಡೆ ಇರುವ, ಜಾರದ ಕುರ್ಚಿಯ ಮೇಲೆ ಕೂತು, ಎರಡೂ ಕೈ ಎದೆಗೆ ಕಟ್ಟಿಕೊಂಡು ಎದ್ದೇಳಿ. ಪಕ್ಕದಲ್ಲಿ ಒಬ್ಬರು ಇರಲಿ. ವಾರಕ್ಕೊಂದು ದಿನ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಸುಲಭವಾಯಿತೋ, ಕಷ್ಟವಾಯಿತೋ, ಆಗಲೇ ಇಲ್ಲವೋ, ಮೂರೇ ಮಾತಲ್ಲಿ ಬರೆಯಿರಿ. ಡೋಸು ಇಳಿಸಿದರೆ ಈ ಬಲಹೀನತೆ ನಿಧಾನವಾಗಿ ವಾಪಸ್ ಹೋಗುತ್ತದೆ, ತಿಂಗಳುಗಳೇ ಹಿಡಿಯಬಹುದು. ಪೂರ್ತಿ ಮಲಗಿಬಿಟ್ಟರೆ ಕೆಡುತ್ತದೆ. ಡಾಕ್ಟರು ಒಪ್ಪಿದಷ್ಟು ನಡಿಗೆ ಬೇಕು. ದಾವಣಗೆರೆಯ ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ ಮುಗಿಸಿ, ಬಿಸಿಲು ಮಯಸ್ತೇನಿಯಾಕ್ಕೆ ಒಗ್ಗುವುದಿಲ್ಲ.

ಡೋಸು ಇಳಿಸಲು ಅಜಥಯೋಪ್ರಿನ್ ಥರದ ಇನ್ನೊಂದು ಗುಳಿಗೆ ಸೇರಿಸುತ್ತಾರೆ. ಅದು ಕೆಲಸ ತೋರಿಸಲು ಆರು ತಿಂಗಳು, ವರ್ಷ ಬೇಕಾಗುತ್ತದೆ. ಏನೂ ಉಪಯೋಗ ಕಾಣಲಿಲ್ಲ ಅಂತ ಎರಡನೇ ತಿಂಗಳಿಗೇ ಬಿಡಬೇಡಿ. ಅದಕ್ಕೆ ರಕ್ತಕಣ, ಲಿವರ್ ಪರೀಕ್ಷೆ ತಪ್ಪಿಸುವಂತಿಲ್ಲ. ಕೆಲವರಿಗೆ ಎದೆಯೊಳಗಿನ ಥೈಮಸ್ ಗ್ರಂಥಿಯ ಆಪರೇಷನ್ ಹೇಳುತ್ತಾರೆ. ಅದನ್ನು ಮಾಡಿಸಿಕೊಂಡವರಿಗೆ ಬೇಕಾಗುವ ಸ್ಟಿರಾಯ್ಡ್ ಡೋಸು ಕಡಿಮೆ ಅಂತ 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು. ಎಲ್ಲರಿಗೂ ಅದು ಹೊಂದುವುದಿಲ್ಲ, ಕೇಳುವುದರಲ್ಲಿ ತಪ್ಪಿಲ್ಲ.

ಮೂಳೆ, ಕಣ್ಣು, ಚರ್ಮ

ಮೂಳೆ ಸವೆಯುವುದು ಶುರುವಿನ ತಿಂಗಳುಗಳಲ್ಲೇ ಜೋರು, ಮತ್ತು ಸದ್ದಿಲ್ಲದೆ. ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಇರುತ್ತದೆ, ಉಳಿದದ್ದು ಹಾಲು, ಮೊಸರು, ಗುಳಿಗೆಯಿಂದ ಬರಬೇಕು. ವಿಟಮಿನ್ ಡಿ ಬೇರೆ. ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಯಾವಾಗ ಅಂತ ನೀವೇ ಕೇಳಿ. ಮೂಳೆಗೆ ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಬರೆದುಕೊಟ್ಟರೆ, ತುಂಬು ಲೋಟ ನೀರಿನಲ್ಲಿ ನುಂಗಿ ಅರ್ಧ ಗಂಟೆ ಮಲಗುವಂತಿಲ್ಲ. ಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನನಾಳ ಹುಣ್ಣಾಗುತ್ತದೆ. ನುಂಗುವ ತೊಂದರೆ ಇರುವವರು ಇದನ್ನು ಹೇಳಲೇಬೇಕು, ಇಂಜೆಕ್ಷನ್ ರೂಪದ ಔಷಧಿಯೂ ಇದೆ. ತೊಡೆಸಂದಿನಲ್ಲಿ ಬಿಡದ ನೋವು, ಇದ್ದಕ್ಕಿದ್ದಂತೆ ಬೆನ್ನುನೋವು ಬಂದರೆ ಎಣ್ಣೆ ತಿಕ್ಕಿಕೊಂಡು ಕೂರಬೇಡಿ.

ಕಣ್ಣಿನಲ್ಲಿ ಪೊರೆ ಬರಬಹುದು, ಒತ್ತಡ ಏರಬಹುದು. ಮಸುಕಾದದ್ದೆಲ್ಲ ಮಯಸ್ತೇನಿಯಾ ಅಲ್ಲ. ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರು ಒತ್ತಡವನ್ನೂ ಅಳೆಯಲಿ. ಚರ್ಮ ತೆಳುವಾಗುತ್ತದೆ, ಸೂಜಿ ಚುಚ್ಚಿದ್ದೂ ನೀಲಿಗಟ್ಟುತ್ತದೆ. ಮೊಡವೆ, ಮುಖದ ಮೇಲೆ ಕೂದಲು, ತಿಂಗಳ ಮುಟ್ಟು ಏರುಪೇರು, ಇವೂ ಉಂಟು. ಮುಖ ದುಂಡಗಾದದ್ದಕ್ಕೆ ಗಿರಾಕಿಗಳು ಏನೇನೋ ಅನ್ನುತ್ತಾರೆ. ಡೋಸು ಇಳಿದಂತೆ ಇಳಿಯುತ್ತದೆ.

ಜ್ವರ ಬಂದರೆ

ಸ್ಟಿರಾಯ್ಡ್ ಸೋಂಕನ್ನು ಸುಲಭ ಮಾಡುತ್ತದೆ, ಜೊತೆಗೆ ಅದರ ಲಕ್ಷಣವನ್ನು ಮುಚ್ಚುತ್ತದೆ. ನಮ್ಮ ಕಷ್ಟ ಇನ್ನೊಂದಿದೆ: ಸೋಂಕಿಗೆ ಥಟ್ಟಂತ ಕೊಡುವ ಆಂಟಿಬಯಾಟಿಕ್‌ಗಳಲ್ಲಿ ಕೆಲವು ಮಯಸ್ತೇನಿಯಾಕ್ಕೆ ಕೆಟ್ಟವು. ಅಜಿಥ್ರೋಮೈಸಿನ್, ಸಿಪ್ರೋಫ್ಲಾಕ್ಸಸಿನ್, ಲಿವೋಫ್ಲಾಕ್ಸಸಿನ್, ಜೆಂಟಾಮೈಸಿನ್ ಹೆಸರು ಬರೆದಿಟ್ಟುಕೊಳ್ಳಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗುವ ಅಭ್ಯಾಸ ಇವತ್ತೇ ಬಿಡಿ. ಮೈಕೈ ನೋವಿನ ಗುಳಿಗೆಯೂ ಸ್ಟಿರಾಯ್ಡೂ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು. ಮಲ ಟಾರಿನಂತೆ ಕಪ್ಪಾದರೆ ನೇರ ಆಸ್ಪತ್ರೆಗೆ. ಎರಡು ವಾರ ಬಿಡದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಬಾಯಲ್ಲಿ ಬಿಳಿ ಪದರ ಕಂಡರೆ, ಮನೆಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಎದ್ದರೆ ಫೋನ್ ಮಾಡಿ. ಲಸಿಕೆ ಹಾಕಿಸುವ ಮುನ್ನ ಸ್ಟಿರಾಯ್ಡ್ ತಿನ್ನುತ್ತಿದ್ದೇನೆ ಅನ್ನಿ, ಜೀವಂತ ವೈರಸ್ ಇರುವ ಲಸಿಕೆ ನಮಗೆ ಬೇಡ.

ಹಾಗೇ, ಯಾವುದೋ ಊರಿನ ಪುಡಿ ತಿಂದರೆ ಸ್ಟಿರಾಯ್ಡೇ ಬೇಕಿಲ್ಲ ಅನ್ನುವವರು ಎಲ್ಲ ಬೀದಿಯಲ್ಲೂ ಸಿಗುತ್ತಾರೆ. ಲೇಬಲ್ ಇಲ್ಲದ ಅಂಥ ಪುಡಿಗಳಲ್ಲಿ ಸ್ಟಿರಾಯ್ಡನ್ನೇ ಬೆರೆಸಿದ್ದು ನಮ್ಮ ದೇಶದಲ್ಲಿ ಎಷ್ಟೋ ಸಲ ಪರೀಕ್ಷೆಯಲ್ಲಿ ಸಿಕ್ಕಿದೆ. ಆಗ ನೀವು ತಿನ್ನುವುದು ಅಳತೆಯೇ ಇಲ್ಲದ ಸ್ಟಿರಾಯ್ಡ್.

ತಟ್ಟನೆ ನಿಲ್ಲಿಸಬೇಡಿ

ಮುಖ ಊದಿದ್ದಕ್ಕಿಂತ, ಶುಗರ್ ಏರಿದ್ದಕ್ಕಿಂತ ಇದು ದೊಡ್ಡದು. ಮೂರು ನಾಲ್ಕು ವಾರಕ್ಕಿಂತ ಜಾಸ್ತಿ ಪ್ರೆಡ್ನಿಸೋಲೋನ್ ತಿಂದರೆ, ಮೂತ್ರಪಿಂಡದ ಮೇಲಿರುವ, ಕಾರ್ಟಿಸಾಲ್ ತಯಾರಿಸುವ ಅಡ್ರಿನಲ್ ಗ್ರಂಥಿ ಹೊರಗಿನಿಂದ ಸರಕು ಬರುತ್ತಿದೆ ಅಂತ ತನ್ನ ಗಿರಣಿ ಮುಚ್ಚುತ್ತದೆ. ಮುಚ್ಚಿದ ಗಿರಣಿ ಮತ್ತೆ ಶುರುವಾಗುವುದು ಎಷ್ಟು ಕಷ್ಟ ಅಂತ, ಬಟ್ಟೆ ಗಿರಣಿಗಳು ಮುಚ್ಚಿದ್ದನ್ನು ಕಂಡ ದಾವಣಗೆರೆಯವರಿಗೆ ಹೇಳಿಕೊಡಬೇಕೇ? ಗುಳಿಗೆ ತಟ್ಟನೆ ನಿಂತರೆ ತಲೆಸುತ್ತು, ವಾಂತಿ, ಹೊಟ್ಟೆನೋವು, ಬಿಪಿ ಕುಸಿಯುವುದು, ಪ್ರಜ್ಞೆ ತಪ್ಪುವುದು, ಜೀವಕ್ಕೇ ಬರಬಹುದು. ಮಯಸ್ತೇನಿಯಾವೂ ಕೆರಳುತ್ತದೆ. ವಾಂತಿ ಭೇದಿಯಿಂದ ಗುಳಿಗೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಅದೂ ನಿಲ್ಲಿಸಿದ ಹಾಗೇ. ಆಗ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಬೇಕು. ಜೋರು ಜ್ವರ, ಆಪರೇಷನ್ ಇದ್ದಾಗ ಡೋಸು ಏರಿಸಬೇಕಾಗಬಹುದು. ಎಷ್ಟು ಅಂತ ಡಾಕ್ಟರ ಹತ್ತಿರ ಮೊದಲೇ ಬರೆಸಿಟ್ಟುಕೊಳ್ಳಿ. ಉಪವಾಸ, ಹರಕೆ ಅಂತ ಒಂದು ದಿನವೂ ತಪ್ಪಿಸಬೇಡಿ.

ಪರ್ಸಿನಲ್ಲಿ ಒಂದು ಕಾರ್ಡು ಇರಲಿ. ಕಾಯಿಲೆಯ ಹೆಸರು, ಪ್ರೆಡ್ನಿಸೋಲೋನ್ ಎಷ್ಟು ಮಿಲಿಗ್ರಾಂ, ಯಾವಾಗಿನಿಂದ, ತಟ್ಟನೆ ನಿಲ್ಲಿಸಬಾರದು ಅನ್ನುವ ಸಾಲು, ಬೇಡದ ಔಷಧಿಗಳು, ಮನೆಯವರ ಫೋನ್ ನಂಬರ್. ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಯಿರಿ. ಡೋಸು ಬದಲಾದಾಗ ಕಾರ್ಡೂ ಬದಲಾಗಬೇಕು. ಹಲ್ಲು ಕೀಳಿಸಲು ಹೋದರೂ ತೋರಿಸಿ.

ಸ್ಟ್ರಿಪ್ ಮುಗಿಯಲು ಒಂದು ವಾರ ಇರುವಾಗಲೇ ಹೊಸದು ತನ್ನಿ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ಹೊತ್ತಿಗೆ ನನ್ನಂಥವರಿಗೆ ಕತ್ತೆತ್ತಲು ಪುರುಸೊತ್ತಿರುವುದಿಲ್ಲ, ಗುಳಿಗೆ ಖಾಲಿಯಾದದ್ದು ರಾತ್ರಿ ನೆನಪಾಗುತ್ತದೆ. 20 ಮಿಲಿಗ್ರಾಂ ಗುಳಿಗೆ ಇಲ್ಲ ಅಂತ ಅಂಗಡಿಯವರು 5ರದ್ದು ಕೊಟ್ಟರೆ ದಿನಕ್ಕೆ ಎಷ್ಟು ನುಂಗಬೇಕು ಅಂತ ಸ್ಟ್ರಿಪ್ಪಿನ ಮೇಲೆಯೇ ಪೆನ್ನಿನಲ್ಲಿ ಬರೆಸಿಕೊಳ್ಳಿ, ಹಳೆಯ ಸ್ಟ್ರಿಪ್ಪಿನ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ.