ಅಡಿಕೆ ಸುಲಿದ ಕೈಗೆ ಎಲೆಕ್ಟ್ರೋಡ್ ಅಂಟಿಸುವಾಗ

ಅಂತರ್ಜಾತಿ ಮದುವೆ, ಮುಟ್ಟಾದವರು ಅಡುಗೆಮನೆಗೆ ಬರುವುದು, ಊರಿಗೆ ಬರುವ ಹೆಂಡದಂಗಡಿ. ಇಂಥವುಗಳ ಬಗ್ಗೆ ನಮ್ಮ ನಿಲುವಿನಲ್ಲಿ ಮೈಯ ಪಾಲೆಷ್ಟು ಎಂದು ನೋಡಲು ತೀರ್ಥಹಳ್ಳಿ ಸೀಮೆಯಲ್ಲಿ ನಾವು ಅಂಗೈ ಬೆವರು ಅಳೆಯುತ್ತೇವೆ. ಹೆದರಿಸುವ ಚಿತ್ರ ಕಂಡು ಹೆಚ್ಚು ಬೆವರಿದವರು ಮರಣದಂಡನೆ, ರಕ್ಷಣಾ ವೆಚ್ಚದ ಪರ ಇದ್ದರು ಎಂದು ಅಮೆರಿಕದ ನೆಬ್ರಾಸ್ಕದಲ್ಲಿ 46 ಜನರನ್ನು ಪರೀಕ್ಷಿಸಿದ 2008ರ ಅಧ್ಯಯನ ಹೇಳಿತ್ತು. 2020ರಲ್ಲಿ ಪ್ರಕಟವಾದ ಮರುಪರೀಕ್ಷೆಯಲ್ಲಿ, 202 ಜನರಲ್ಲಿ ಆ ನಂಟು ಸಿಗಲಿಲ್ಲ. ಹಾಗಾಗಿ ಅಳತೆಯಲ್ಲಿ ಎಷ್ಟು ಎಚ್ಚರವಿದ್ದರೂ ಕಡಿಮೆಯೇ.

ಬೆವರಿದಷ್ಟೂ ಚರ್ಮದಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಆ ಏರಿಳಿತ ಲ್ಯಾಪ್‌ಟಾಪ್ ಪರದೆಯಲ್ಲಿ ಗೆರೆಯಾಗಿ ಕಾಣುತ್ತದೆ. ಅದಕ್ಕೆ ಬೇಕಾದ್ದು ಚರ್ಮಕ್ಕೆ ಅಂಟಿಸುವ ಬೆಳ್ಳಿ-ಬೆಳ್ಳಿ ಕ್ಲೋರೈಡ್‌ನ ಎರಡು ಎಲೆಕ್ಟ್ರೋಡ್, 0.5 ವೋಲ್ಟ್, ತೆಳು ಉಪ್ಪಿನಂಶದ ಪೇಸ್ಟ್. ಇಸಿಜಿ ಜೆಲ್ ಬೇಡ, ಅದರಲ್ಲಿ ಉಪ್ಪು ಹೆಚ್ಚು. ರೂಢಿಯಂತೆ ಎಡಗೈಯ ತೋರುಬೆರಳು, ನಡುಬೆರಳಿಗೆ ಕಟ್ಟಬೇಕು. ಆದರೆ ಅಡಿಕೆ ಸುಲಿದ ಬೆರಳು ದಡ್ಡುಗಟ್ಟಿರುತ್ತದೆ, ಗೆರೆ ಮೇಲೇಳುವುದೇ ಇಲ್ಲ. ಒಬ್ಬರಿಗೆ ಬೆರಳು, ಇನ್ನೊಬ್ಬರಿಗೆ ಅಂಗೈ ಎಂದಾದರೆ ಹೋಲಿಕೆ ಕೆಡುತ್ತದೆ. ಅದಕ್ಕೇ ಎಲ್ಲರಿಗೂ ಅಂಗೈಯಲ್ಲಿ ಹೆಬ್ಬೆರಳ ಬುಡದ ಉಬ್ಬಿಗೇ ಅಂಟಿಸುತ್ತೇವೆ. ಮೊದಲು ಬರೀ ನೀರಲ್ಲಿ ಕೈ ತೊಳೆಸುತ್ತೇವೆ, ಸೋಪು, ಸ್ಪಿರಿಟ್ ತಾಗಿಸುವುದಿಲ್ಲ. ಅಂಟಿಸಿದ ಮೇಲೆ ಹತ್ತು ನಿಮಿಷ ಸುಮ್ಮನೆ ಕೂರಿಸಬೇಕು. ಆಮೇಲೆ ಒಂದು ದೀರ್ಘ ಉಸಿರು ಎಳೆಸಿ. ಆಗಲೂ ಗೆರೆ ಏಳದಿದ್ದರೆ ಎಲೆಕ್ಟ್ರೋಡ್ ಸಡಿಲ, ಇಲ್ಲವೇ ಅವರ ಮೈಯೇ ಹಾಗೆ. ಅವರನ್ನು ಲೆಕ್ಕದಿಂದ ಬಿಡಬೇಕೇ ಹೊರತು ಸೊನ್ನೆ ಬರೆದು ‘ಧೈರ್ಯವಂತರು’ ಎನ್ನಬಾರದು.

ಎಲೆಅಡಿಕೆ, ಕಾಫಿ, ಹೊಗೆಸೊಪ್ಪು ಎರಡು ಗಂಟೆ ಮೊದಲೇ ನಿಲ್ಲಬೇಕು. ಅಡಿಕೆಯೊಂದೇ ಬೆವರು ಬರಿಸುತ್ತದೆ, ಎದೆಬಡಿತ ಏರಿಸುತ್ತದೆ. ಮಳೆಗಾಲದಲ್ಲಿ ಕೈ ತಣ್ಣಗಾಗಿ ಬೆವರೇ ಇಳಿಯುತ್ತದೆ, ಕೋಣೆಯನ್ನು 23 ಡಿಗ್ರಿ ಆಸುಪಾಸಿಗೆ ತಂದೇ ಶುರುಮಾಡಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡಲಿ. ಕೂತವರಿಗೂ ಅದೇ ಸುರಕ್ಷಿತ.

ನಮ್ಮನ್ನು ಹೆಚ್ಚು ಕಾಡಿದ್ದು ಚಿತ್ರಗಳು. ಹೊರಗಿನವರಿಗೆ ಉಂಬಳ (ಜಿಗಣೆ) ಅಸಹ್ಯ. ತೋಟದಲ್ಲಿ ದಿನವೂ ಕಾಲಿಂದ ಕಿತ್ತೆಸೆಯುವವರಿಗೆ ಅದು ಬರೀ ಕಿರಿಕಿರಿ. ನಾಗರ ಕಂಡರೆ ಭಯದ ಜೊತೆ ಭಕ್ತಿಯೂ ಏಳುತ್ತದೆ. ಹೀಗಾಗಿ ಪರೀಕ್ಷೆಗೆ ಬಾರದ ಅದೇ ಊರಿನವರಿಂದ ಪ್ರತಿ ಚಿತ್ರಕ್ಕೂ ಭಯ, ಅಸಹ್ಯ ಎರಡಕ್ಕೂ ಬೇರೆ ಬೇರೆ ಅಂಕ ಹಾಕಿಸಿ, ಆಮೇಲಷ್ಟೇ ಆರಿಸುತ್ತೇವೆ. ಬುಟ್ಟಿ, ಕೊಡದಂಥ ಸಪ್ಪೆ ಚಿತ್ರಗಳನ್ನೂ ನಡುನಡುವೆ ಬೆರೆಸುತ್ತೇವೆ. ಪ್ರತಿ ಚಿತ್ರ ಎಂಟು ಸೆಕೆಂಡು, ನಡುವೆ ಹತ್ತರಿಂದ ಹದಿನೈದು ಸೆಕೆಂಡು ಬಿಡುವು. ಚಿತ್ರ ಬಂದ 1ರಿಂದ 4 ಸೆಕೆಂಡಿನೊಳಗೆ ಶುರುವಾಗಿ ಕನಿಷ್ಠ 0.05 ಮೈಕ್ರೋಸೀಮೆನ್ಸ್ (ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎನ್ನುವುದರ ಅಳತೆ) ಏರಿದ್ದನ್ನಷ್ಟೇ ಎಣಿಸುತ್ತೇವೆ. ಕೆಮ್ಮು, ಆಕಳಿಕೆಯ ಏರಿಕೆಗೆ ಗುರುತು ಹಾಕಿ ತೆಗೆಯುತ್ತೇವೆ.

ನಿಲುವಿನ ಪ್ರಶ್ನೆಗಳನ್ನು ವಾರ ಮೊದಲೇ, ಒಬ್ಬೊಬ್ಬರನ್ನೇ ಕೂರಿಸಿ ಕೇಳಬೇಕು. ಜಗಲಿಯಲ್ಲಿ ಕೇಳಿದರೆ ಮನೆ ಯಜಮಾನರ ಉತ್ತರವೇ ಎಲ್ಲರದೂ ಆಗುತ್ತದೆ. ‘ಅಂತರ್ಜಾತಿ ಮದುವೆ ಸರಿಯೇ?’ ಎನ್ನುವುದೂ ‘ನಿಮ್ಮ ಮಗಳು ಮಾಡಿಕೊಂಡರೆ?’ ಎನ್ನುವುದೂ ಬೇರೆಯೇ ಪ್ರಶ್ನೆಗಳು, ಎರಡನ್ನೂ ಕೇಳಿ.

ಬೆವರು ಹೇಳುವುದು ಮೈ ಎಷ್ಟು ಕೆರಳಿತು ಎಂದಷ್ಟೇ. ಸಿಟ್ಟೋ, ಹೆದರಿಕೆಯೋ, ಹೇಸಿಗೆಯೋ, ಸಂತೋಷವೋ ಅದಕ್ಕೆ ಗೊತ್ತಿಲ್ಲ. ಹೇಸಿಗೆಯ ಸುಳಿವು ಬೇಕಿದ್ದರೆ ಮೂಗಿನ ಪಕ್ಕ ಮೇಲ್ತುಟಿ ಎತ್ತುವ ಸ್ನಾಯುವನ್ನೂ ಅಳೆಯಬೇಕು. ಹಾಗಾಗಿ ಯಾರ ಗೆರೆಯನ್ನೂ ತೋರಿಸಿ ‘ನೀವು ಸಂಪ್ರದಾಯಸ್ಥರು’ ಎಂದು ನಾವು ಹೇಳುವುದಿಲ್ಲ. ಎಲ್ಲರಿಗೂ ಎಲ್ಲರೂ ಗೊತ್ತಿರುವ ಹಳ್ಳಿಯಲ್ಲಿ ಆ ಒಂದು ಮಾತು ಮನೆ ಒಡೆಯಬಹುದು. ಕಡತದಲ್ಲಿ ಸಂಖ್ಯೆ ಮಾತ್ರ ಇರುತ್ತದೆ. ಹೆಸರಿಗೂ ಸಂಖ್ಯೆಗೂ ಗಂಟು ಹಾಕುವ ಹಾಳೆ, ಅಳತೆ ಮುಗಿದ ದಿನವೇ ಬಚ್ಚಲೊಲೆಗೆ ಹೋಗುತ್ತದೆ.