ಇಳಿಯುವ ಬಿಸಿಯ ಲೆಕ್ಕ: ಸೌದೆ ಭಟ್ಟಿಯಲ್ಲಿ ನನ್ನ ಅನುಭವ

ನಾನು ಬೇಕರಿ ಕೆಲಸ ಕಲಿತದ್ದು ಎಲೆಕ್ಟ್ರಿಕ್ ಓವನ್‌ನಲ್ಲಿ. 220 ಡಿಗ್ರಿಗೆ ಗುಂಡಿ ತಿರುಗಿಸಿದರೆ ಸಂಜೆವರೆಗೂ 220 ಡಿಗ್ರಿಯೇ. ಹಿಟ್ಟು ಉಬ್ಬುವುದು ತಡವಾದರೂ ಓವನ್ ಕಾಯುತ್ತದೆ. ಆಮೇಲೆ ಒಂದು ಹಳೇ ಬೇಕರಿಯ ಸೌದೆ ಭಟ್ಟಿಯನ್ನು ಮತ್ತೆ ಉರಿಸುವ ಕೆಲಸ ನನ್ನ ಪಾಲಿಗೆ ಬಂತು. ಬಹಳ ವರ್ಷದಿಂದ ತಣ್ಣಗೆ ಬಿದ್ದಿದ್ದ ಭಟ್ಟಿ. ಅದು ಯಾರಿಗೂ ಕಾಯುವುದಿಲ್ಲ. ಬೆಂಕಿ ತೆಗೆದ ಗಳಿಗೆಯಿಂದ ಬಿಸಿ ಇಳಿಯುತ್ತಲೇ ಹೋಗುತ್ತದೆ, ನಮ್ಮ ಕೆಲಸವೆಲ್ಲ ಆ ಇಳಿತಕ್ಕೆ ಹೊಂದಿಕೊಳ್ಳಬೇಕು. ಇದು ಕೈಗೆ ಹತ್ತಿದ ಮೇಲೆ ಬೇಕರಿಗಳ ಇತಿಹಾಸದಲ್ಲಿ ಓದಿದ್ದ ಎಷ್ಟೋ ಸಂಗತಿಗಳು ನನಗೆ ಬೇರೆ ಥರ ಅರ್ಥವಾದವು.

ಮೊದಲು ಭಟ್ಟಿಯ ರಚನೆ ಹೇಳುತ್ತೇನೆ. ಇಟ್ಟಿಗೆಯ ನೆಲ, ಅದರ ಮೇಲೆ ತಗ್ಗಾದ ಗುಮ್ಮಟ, ಮುಂದೆ ಒಂದೇ ಬಾಯಿ. ಬ್ರೆಡ್ ಬೇಯುವ ಜಾಗದಲ್ಲೇ ಬೆಂಕಿ ಹಾಕುತ್ತಾರೆ. ತಣ್ಣನೆಯ ಗಾಳಿ ಬಾಯಿಯ ಕೆಳಗಿನಿಂದ ಒಳಗೆ ಹೋಗುತ್ತದೆ, ಹೊಗೆ ಅದೇ ಬಾಯಿಯ ಮೇಲ್ಭಾಗದಿಂದ ಹೊರಗೆ ಬರುತ್ತದೆ. ಬಾಯಿಯ ಎತ್ತರ ಗುಮ್ಮಟದ ಒಳ ಎತ್ತರದ ಸುಮಾರು 63 ಶೇಕಡಾ ಇರಬೇಕು ಅನ್ನುವುದು ಭಟ್ಟಿ ಕಟ್ಟುವವರ ಲೆಕ್ಕ. ಬಾಯಿ ಎತ್ತರವಾದರೆ ಬಿಸಿ ಸೋರುತ್ತದೆ, ತಗ್ಗಾದರೆ ಬೆಂಕಿಗೆ ಉಸಿರು ಕಟ್ಟುತ್ತದೆ. ಟೇಪು ಹಿಡಿದು ಅಳೆದೆ, ನಮ್ಮದೂ ಹೆಚ್ಚುಕಮ್ಮಿ ಹಾಗೇ ಇತ್ತು. ಕಟ್ಟಿದವರು ಶೇಕಡಾ ಲೆಕ್ಕ ಹಾಕಿರಲಿಕ್ಕಿಲ್ಲ, ಕಣ್ಣಳತೆ ಅಷ್ಟೇ.

ಬಹಳ ದಿನ ಮುಚ್ಚಿಟ್ಟ ಭಟ್ಟಿ ತೇವ ಹೀರಿಕೊಂಡಿರುತ್ತದೆ. ಅದಕ್ಕೆ ಒಮ್ಮೆಲೇ ದೊಡ್ಡ ಬೆಂಕಿ ಹಾಕಬಾರದು. ನೀರು ಆವಿಯಾದಾಗ ಸಾವಿರದ ಆರುನೂರು ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ, ಹೊರಗೆ ಹೋಗಲು ದಾರಿ ಸಿಗದಿದ್ದರೆ ಇಟ್ಟಿಗೆ ಸೀಳುತ್ತದೆ. ಕೆಲವು ದಿನ ಬರೀ ಕಡ್ಡಿ ಉರಿಸಿದೆ, ದಿನದಿನಕ್ಕೂ ಸ್ವಲ್ಪ ಸ್ವಲ್ಪ ಹೆಚ್ಚಿಸಿದೆ. ಹೊರಗಿನ ಗೋಡೆ ಬೆವರುವುದು ನಿಂತ ಮೇಲೆ ದಪ್ಪ ಸೌದೆ ಹಾಕಿದ್ದು. ಬಿರುಕುಗಳಿಗೆ ಜೇಡಿಮಣ್ಣು, ಮರಳು ಕಲಸಿ ತುಂಬಿದೆ. ಸಿಮೆಂಟ್ ಹಾಕೋಣ ಅಂದವರಿದ್ದರು. ಮಾಮೂಲಿ ಸಿಮೆಂಟ್ ಆ ಬಿಸಿಗೆ ಪುಡಿಯಾಗುತ್ತದೆ, ಒಳಮೈಗೆ ಅದನ್ನು ಮುಟ್ಟಿಸಲೇಬಾರದು.

ಸೌದೆ ಒಣಗಿರಬೇಕು. ತೇವ 20 ಶೇಕಡಾಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ಹಸಿ ಸೌದೆಯ ಅರ್ಧ ಶಕ್ತಿ ತನ್ನ ನೀರನ್ನೇ ಕುದಿಸುವುದರಲ್ಲಿ ಹೋಗುತ್ತದೇನೋ ಅನ್ನಿಸುತ್ತದೆ, ಅಷ್ಟು ಹೊಗೆ. ಬಣ್ಣ ಬಳಿದ ಮರ, ಪ್ಲೈವುಡ್ ಬೇಡವೇ ಬೇಡ, ವಿಷ ನೇರ ಬ್ರೆಡ್ ಇಡುವ ನೆಲಕ್ಕೆ ಕೂರುತ್ತದೆ. ಗಟ್ಟಿ ಮರ ನಿಧಾನಕ್ಕೆ ಉರಿದು ಇಟ್ಟಿಗೆಗೆ ಬಿಸಿ ಕುಡಿಸುತ್ತದೆ. ಕೊನೆಯಲ್ಲಿ ಸಣ್ಣ ಕಡ್ಡಿಗಳ ಕಟ್ಟು ಹಾಕಿದರೆ ಜ್ವಾಲೆ ಗುಮ್ಮಟವನ್ನು ನೆಕ್ಕುತ್ತದೆ. ಮಾರನೆ ದಿನದ ಸೌದೆಯನ್ನು ರಾತ್ರಿ ಭಟ್ಟಿಯೊಳಗೇ ಒಣಗಿಸುವುದು ಹಳೇ ಪದ್ಧತಿ. ನಾನೂ ಮಾಡುತ್ತೇನೆ, ಆದರೆ ಒಳಗಿನ ಬಿಸಿ 100 ಡಿಗ್ರಿಗಿಂತ ಕೆಳಗೆ ಬಂದ ಮೇಲೆ ಮಾತ್ರ. ಭಟ್ಟಿಯ ಹತ್ತಿರ ಸೌದೆ ರಾಶಿ ಹಾಕುವುದಿಲ್ಲ. 1666ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಲಂಡನ್ನಿನ ಪುಡಿಂಗ್ ಲೇನ್‌ನಲ್ಲಿ ಥಾಮಸ್ ಫ್ಯಾರಿನರ್ ಎಂಬವನ ಬೇಕರಿಯಲ್ಲಿ ಹತ್ತಿದ ಬೆಂಕಿ ಹದಿಮೂರು ಸಾವಿರಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿತು. ರಾತ್ರಿ ಮಲಗುವ ಮುಂಚೆ ಬೆಂಕಿ ನಂದಿಸಿದ್ದೆ ಅಂತ ಅವನು ಹೇಳಿಕೊಂಡಿದ್ದ. ಬೂದಿಯೊಳಗಿನ ಕೆಂಡ ಮರುದಿನದವರೆಗೂ ಜೀವ ಹಿಡಿದುಕೊಂಡಿರುವುದನ್ನು ನೋಡಿದವನು ನಾನು, ಅದಕ್ಕೇ ಬೂದಿಗೆ ಮುಚ್ಚಳವಿರುವ ಕಬ್ಬಿಣದ ಡಬ್ಬ ಇಟ್ಟಿದ್ದೇನೆ.

ಭಟ್ಟಿ ಕಾದಿದೆಯಾ ಅಂತ ಹೇಳುವುದು ಗುಮ್ಮಟದ ಬಣ್ಣ. ಬೆಂಕಿ ಹಾಕಿದಾಗ ಮೊದಲು ಒಳಗೆಲ್ಲ ಮಸಿ ಹಿಡಿದು ಕಪ್ಪಾಗುತ್ತದೆ. ಇಟ್ಟಿಗೆ 350 ಡಿಗ್ರಿ ಆಸುಪಾಸು ಮುಟ್ಟಿದಾಗ ಆ ಮಸಿಯೂ ಉರಿದು ಹೋಗಿ, ನೆತ್ತಿಯಿಂದ ಶುರುವಾಗಿ ಕೆಳಗಿನವರೆಗೆ ಇಟ್ಟಿಗೆಯ ಮೂಲ ಬಣ್ಣ ಬಿಳುಪಾಗಿ ಕಾಣುತ್ತದೆ. ನನ್ನ ಹತ್ತಿರ ಇನ್‌ಫ್ರಾರೆಡ್ ಥರ್ಮಾಮೀಟರ್ ಇದೆ, ಆದರೂ ಮೊದಲು ನೋಡುವುದು ಗುಮ್ಮಟವನ್ನೇ. ಥರ್ಮಾಮೀಟರ್ ಮೇಲ್ಮೈಯ ಬಿಸಿ ಹೇಳುತ್ತದೆ, ಇಟ್ಟಿಗೆಯ ಹೊಟ್ಟೆಯೊಳಗೆ ಎಷ್ಟು ಕೂತಿದೆ ಅಂತ ಅದಕ್ಕೆ ಗೊತ್ತಿಲ್ಲ. ಆಮೇಲೆ ಕೆಂಡವನ್ನು ನೆಲದ ತುಂಬ ಹರಡಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು ಹೊರಗೆ ಹಾಕುತ್ತೇನೆ. ಉದ್ದ ಕೋಲಿಗೆ ಒದ್ದೆ ಬಟ್ಟೆ ಕಟ್ಟಿ ನೆಲ ಒರೆಸಿ, ಬಾಯಿ ಮುಚ್ಚಿ, ಸುಮಾರು ಒಂದು ಗಂಟೆ ಬಿಡುತ್ತೇನೆ. ಕೆಂಡದ ಕೆಳಗಿದ್ದ ಜಾಗ, ಮೂಲೆ ಎಲ್ಲ ಅಷ್ಟರಲ್ಲಿ ಒಂದೇ ಬಿಸಿಗೆ ಬರುತ್ತವೆ. ಕೊನೆಗೆ ನೆಲಕ್ಕೆ ಒಂದು ಚಿಟಿಕೆ ಹಿಟ್ಟು ಎಸೆಯುವುದು. ತಕ್ಷಣ ಕಪ್ಪಾದರೆ ಇನ್ನೂ ಕಾಯಬೇಕು. ನಿಧಾನಕ್ಕೆ ಕಂದು ಬಣ್ಣಕ್ಕೆ ತಿರುಗಿದರೆ ಬ್ರೆಡ್ ಒಳಗೆ ಹೋಗಬಹುದು.

ಇನ್ನು ಸರದಿ. ಬೆಂಕಿ ಇರುವಾಗಲೇ ತೆಳು ರೊಟ್ಟಿಗಳು, ನಿಮಿಷಗಳಲ್ಲಿ ಮುಗಿಯುತ್ತವೆ. ಬೆಂಕಿ ತೆಗೆದ ಮೇಲೆ 250 ಡಿಗ್ರಿ ಹತ್ತಿರ ದಪ್ಪ ಬ್ರೆಡ್, ನೇರ ನೆಲದ ಮೇಲೆ. 200ಕ್ಕೆ ಬಂದಾಗ ಅಚ್ಚಿನ ಬ್ರೆಡ್, ಬನ್. ಬೆಣ್ಣೆ, ಸಕ್ಕರೆ ಹಾಕಿದವು ಬೇಗ ಕಪ್ಪಾಗುತ್ತವೆ, ಅವು ಹಿಂದೆ ನಿಲ್ಲಬೇಕು. 170ರಲ್ಲಿ ಬಿಸ್ಕೆಟ್. ಅದಕ್ಕೂ ಕೆಳಗೆ ರಸ್ಕ್, ಎಷ್ಟು ಹೊತ್ತಾದರೂ ಒಳಗೇ ಇರಲಿ. ಬೇಕರಿಯವನು ಇಷ್ಟೆಲ್ಲ ಬಗೆ ಮಾಡಿದ್ದು ಗಿರಾಕಿಗೆ ಬೇಕಾಗಿದ್ದಕ್ಕೆ ಮಾತ್ರವಲ್ಲ, ಸೌದೆಗೆ ಕೊಟ್ಟ ದುಡ್ಡು ಪೂರ್ತಿ ವಸೂಲಾಗಲಿ ಅಂತ ಕೂಡ. ಹೀಗಂತ ನನ್ನ ಗುಮಾನಿ.

ಹಾಗೆಯೇ ಭಟ್ಟಿಯನ್ನು ಅರ್ಧ ತುಂಬಿಸಿದರೆ ಚೆನ್ನಾಗಿ ಬೇಯುವುದಿಲ್ಲ. ಬ್ರೆಡ್ಡಿನ ಮೇಲೆ ಹೊಳಪು ಬರಬೇಕಾದರೆ ಮೊದಲ ಕೆಲವು ನಿಮಿಷ ಆವಿ ಬೇಕು. ಆ ಆವಿ ಬ್ರೆಡ್‌ಗಳಿಂದಲೇ ಬರುತ್ತದೆ. ನೆಲ ತುಂಬಿಸಿ ಬಾಯಿ ಬಿಗಿಯಾಗಿ ಮುಚ್ಚಿದರೆ ಬೇರೆ ನೀರು ಚಿಮುಕಿಸುವುದೇ ಬೇಡ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪೊಂಪೆಯ ಒಂದು ಭಟ್ಟಿಯಲ್ಲಿ, ಹಾಕಿದ್ದು ಹಾಕಿದ ಹಾಗೇ ಕರಕಲಾದ 81 ಬ್ರೆಡ್ ಸಿಕ್ಕವು. ಓದಿದಾಗ ಅಬ್ಬಾ ಅನ್ನಿಸಿತ್ತು. ಈಗ, ಸರಿ, ಅವನೂ ನೆಲ ತುಂಬಿಸಿದ್ದ ಅನ್ನಿಸುತ್ತದೆ. ಆ ಊರಿನ ಬೇಕರಿಗಳಲ್ಲಿ ಬೀಸುವ ಕಲ್ಲು, ಭಟ್ಟಿ ಒಂದೇ ಅಂಗಳದಲ್ಲಿದ್ದವು. ಗುಮ್ಮಟದ ಆಕಾರ ಇವತ್ತಿನ ಭಟ್ಟಿಗೂ ಅದೇ.

ಮನೆಗೊಂದು ಭಟ್ಟಿ ಯಾಕಿರಲಿಲ್ಲ ಅನ್ನುವುದಕ್ಕೂ ಇದೇ ಉತ್ತರ. ನಾಲ್ಕು ಬ್ರೆಡ್‌ಗೆ ಟನ್ನುಗಟ್ಟಲೆ ಇಟ್ಟಿಗೆ ಕಾಯಿಸುವುದು ಯಾರಿಗೂ ಪೂರೈಸದು. ಮಧ್ಯಯುಗದ ಫ್ರಾನ್ಸಿನಲ್ಲಿ ಇದನ್ನೇ ಹಿಡಿದು ಜಮೀನ್ದಾರರು ಊರಿನ ಭಟ್ಟಿಯನ್ನು ತಮ್ಮ ಸ್ವತ್ತು ಮಾಡಿಕೊಂಡರು. ರೈತರು ಅಲ್ಲೇ ಬೇಯಿಸಬೇಕು, ಅದಕ್ಕೆ ಶುಲ್ಕವನ್ನೂ ಕೊಡಬೇಕು. ಅದು ಕೊನೆಯಾದದ್ದು 1789ರ ಕ್ರಾಂತಿಯ ನಂತರ.

ನಿದ್ದೆಯ ವಿಷಯವನ್ನೂ ಹೇಳಬೇಕಲ್ವಾ. ಬೆಳಗ್ಗೆ ಗಿರಾಕಿಗೆ ಬಿಸಿ ಬ್ರೆಡ್ ಬೇಕು ಅಂದರೆ ಅದಕ್ಕೂ ಗಂಟೆಗಟ್ಟಲೆ ಮುಂಚೆ ಬೆಂಕಿ ಹತ್ತಬೇಕು, ಅದರ ಜತೆಗೆ ಹಿಟ್ಟು ನಾದಬೇಕು. ಫ್ರಾನ್ಸ್ 1919ರಲ್ಲಿ ಬೇಕರಿಗಳ ರಾತ್ರಿ ದುಡಿಮೆಯನ್ನು ನಿಷೇಧಿಸಿತು. 1925ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಅದಕ್ಕೇ ಅಂತ ಒಂದು ಒಪ್ಪಂದ ಮಾಡಿತು. ಬೇಕರಿಯವರ ರಾತ್ರಿ ಅಂತಾರಾಷ್ಟ್ರೀಯ ಕಾನೂನಿನವರೆಗೆ ಹೋಯಿತು ಅಂದರೆ ಅದೆಷ್ಟು ಹೈರಾಣಾಗಿದ್ದರೋ. ನಾನು ಈಗ ಹಿಂದಿನ ಸಂಜೆಯೇ ಬೆಂಕಿ ಹಾಕಿ, ಬಾಯಿ ಮುಚ್ಚಿ, ಬೆಳಗಿನ ಜಾವ ಸಣ್ಣದೊಂದು ಉರಿ ಕೊಡುತ್ತೇನೆ. ದಪ್ಪ ಇಟ್ಟಿಗೆಯ ಭಟ್ಟಿಯಾದ್ದರಿಂದ ಇದು ನಡೆಯುತ್ತದೆ.

ಇಳಿಯುವ ಬಿಸಿಯಿಂದ ಬಿಡುಗಡೆ ಸಿಕ್ಕಿದ್ದು ಬೆಂಕಿಯನ್ನು ಬೇಯುವ ಕೋಣೆಯಿಂದ ಹೊರಗೆ ಹಾಕಿದಾಗ. 19ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಪರ್ಕಿನ್ಸ್ ಎಂಬವರು ಕಬ್ಬಿಣದ ಕೊಳವೆಗಳಲ್ಲಿ ಸ್ವಲ್ಪ ನೀರು ತುಂಬಿ ಎರಡೂ ತುದಿ ಮುಚ್ಚಿದರು. ಒಂದು ತುದಿ ಬೆಂಕಿಯಲ್ಲಿ, ಇನ್ನೊಂದು ಓವನ್‌ನಲ್ಲಿ. ಬೆಂಕಿ ಒಂದೇ ಸಮ ಉರಿಯುತ್ತಿರಬಹುದು, ಬ್ರೆಡ್ ಒಂದರ ಹಿಂದೆ ಒಂದು ಬೇಯಬಹುದು. ಆಮೇಲೆ ಗ್ಯಾಸು, ಕರೆಂಟು ಬಂದವು. ಹಾಗಂತ ಸೌದೆ ಭಟ್ಟಿ ದೊಡ್ಡ ವ್ಯಾಪಾರಕ್ಕೆ ಆಗದು ಅನ್ನುವ ಹಾಗೂ ಇಲ್ಲ. ಪ್ಯಾರಿಸ್ಸಿನಲ್ಲಿ 1932ರಲ್ಲಿ ಶುರುವಾದ ಪ್ವಾಲಾನ್ ಬೇಕರಿಯವರು ಮುಂದೆ ಬಿಯೆವ್ರ್ ಎಂಬಲ್ಲಿ 24 ಸೌದೆ ಭಟ್ಟಿಗಳನ್ನು ಒಟ್ಟಿಗೇ ಕಟ್ಟಿಸಿಕೊಂಡರು.

ಹೊಗೆಯ ಘಮ ಬ್ರೆಡ್‌ಗೆ ಇಳಿಯುತ್ತದೆ ಅಂತ ಗಿರಾಕಿಗಳು ಹೇಳುತ್ತಾರೆ. ನಾನು ಸುಮ್ನೆ ನಗುತ್ತೇನೆ. ಬ್ರೆಡ್ ಒಳಗೆ ಹೋಗುವ ಹೊತ್ತಿಗೆ ಅಲ್ಲಿ ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ. ರುಚಿ ಬೇರೆ ಆಗುವುದು ಕೆಳಗಿನಿಂದ ಇಟ್ಟಿಗೆ ಕೊಡುವ ಬಿಸಿ, ಮೇಲಿನಿಂದ ಗುಮ್ಮಟ ಸೂಸುವ ಬಿಸಿ, ಒಳಗೇ ಉಳಿದ ಆವಿ ಇವುಗಳಿಂದ. ಹೊಸದಾಗಿ ಕಟ್ಟಿಸುವವರು ಕೇಳಿದರೆ ಮೊದಲು ಕೇಳುವುದು ಒಂದೇ: ದಿನಾ ಉರಿಸುತ್ತೀರಾ, ವಾರಕ್ಕೊಮ್ಮೆಯಾ? ದಿನಾ ಆದರೆ ದಪ್ಪ ಇಟ್ಟಿಗೆ ಹಾಕಿಸಿ. ವಾರಕ್ಕೊಮ್ಮೆ ಪಿಜ್ಜಾಕ್ಕೆ ಆದರೆ ತೆಳುವಾಗಿ ಕಟ್ಟಿಸಿ, ಮೇಲೆ ಬಿಸಿ ತಡೆಯುವ ಹೊದಿಕೆ ದಪ್ಪಗಿರಲಿ. ಇಲ್ಲದಿದ್ದರೆ ಪ್ರತಿ ಸಲವೂ ಸೌದೆಯ ಮುಕ್ಕಾಲು ಪಾಲು ತಣ್ಣನೆಯ ಇಟ್ಟಿಗೆಯ ಹೊಟ್ಟೆಗೇ ಹೋಗುತ್ತದೆ.