ಬೆಂಗಳೂರಿನ ಹೆಣ್ಣುಮಕ್ಕಳ ಕಾಲೇಜಿಗೆ ಬರುವ ತಂಗಿಗೆ, ಮೊದಲ ಮೂರು ತಿಂಗಳ ಲೆಕ್ಕ

ನಮ್ಮ ಚಿಕ್ಕಪ್ಪನ ಮಗಳು ಈ ವರ್ಷ ತಿಪಟೂರಿನಿಂದ ಬೆಂಗಳೂರಿಗೆ ಬರುತ್ತಿದ್ದಾಳೆ. ಮಹಾರಾಣಿ ಕಾಲೇಜಿನಲ್ಲಿ ಬಿಕಾಂ. ನಾನು ಅಲ್ಲೇ 2021ರಿಂದ ಮೂರು ವರ್ಷ ಓದಿದವಳು. ಹೋದ ವಾರ ಫೋನಿನಲ್ಲಿ ಅವಳಿಗೆ ಒಂದೂವರೆ ಗಂಟೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವಳ ಹಾಗೇ ಊರು ಬಿಟ್ಟು ಬರುವ ಹುಡುಗಿಯರು ಬೇಕಾದಷ್ಟು ಜನ ಇದ್ದಾರೆ. ನಾನು ಬಂದಾಗ ನನಗೆ ಹೇಳುವವರು ಯಾರೂ ಇರಲಿಲ್ಲ.

ಊರು ಬಿಡುವ ಮುಂಚೆ ಕಾಗದಪತ್ರ ಸರಿ ಮಾಡಿಕೊ. ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸು. ಅದರ ಮೇಲೆ ಆರ್‌ಡಿ ನಂಬರ್ ಇರುತ್ತದೆ. ಎಸ್‌ಎಸ್‌ಪಿ ಅಂದರೆ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟಿನಲ್ಲಿ ಅರ್ಜಿ ಹಾಕುವಾಗ ಅದನ್ನೇ ಕೇಳುತ್ತಾರೆ. ಆಮೇಲೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನಿನ್ನ ಹೆಸರನ್ನು ಒಂದೊಂದೇ ಅಕ್ಷರ ಓದು. ಇನಿಷಿಯಲ್ ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲ ಅಂದರೆ ಈಗಲೇ ಸರಿ ಮಾಡಿಸು. ಬೆಂಗಳೂರಿಗೆ ಬಂದಮೇಲೆ ಇದಕ್ಕಂತ ಕ್ಲಾಸ್ ಬಿಟ್ಟು ಊರಿಗೆ ಓಡಬೇಕಾಗುತ್ತದೆ.

ಬ್ಯಾಂಕ್ ಖಾತೆಯದ್ದು ಇನ್ನೊಂದು. ಮೊದಲ ವರ್ಷ ನನ್ನ ಗೆಳತಿಯರಿಗೆಲ್ಲ ಸ್ಕಾಲರ್‌ಶಿಪ್ ಬಂತು. ನನ್ನ ಪಾಸ್‌ಬುಕ್ ಖಾಲಿ. ಎರಡು ತಿಂಗಳು ಕಾದೆ, ಅಪ್ಪನ ಕೈಲಿ ಸಾಲ ಮಾಡಿಸಿದೆ. ಕೊನೆಗೆ ನೋಡಿದರೆ, ಎಂಟನೇ ಕ್ಲಾಸಿನಲ್ಲಿದ್ದಾಗ ಊರಿನ ಬ್ಯಾಂಕಿನಲ್ಲಿ ಮಾಡಿಸಿದ್ದ ಹಳೇ ಖಾತೆಗೆ ನನ್ನ ಆಧಾರ್ ಜೋಡಣೆಯಾಗಿತ್ತು. ದುಡ್ಡು ಅಲ್ಲಿ ಹೋಗಿ ಕೂತಿತ್ತು. ಸ್ಕಾಲರ್‌ಶಿಪ್ ಬರುವುದು ಆಧಾರ್ ಜೋಡಣೆಯಾದ ಖಾತೆಗೆ, ನೀನು ದಿನಾ ಬಳಸುವ ಖಾತೆಗಲ್ಲ. ಬ್ಯಾಂಕಿಗೆ ಹೋಗಿ ಯಾವ ಖಾತೆಗೆ ಜೋಡಣೆಯಾಗಿದೆ ಅಂತ ಬಾಯಿಬಿಟ್ಟು ಕೇಳು. ಆ ಖಾತೆ ಚಾಲ್ತಿಯಲ್ಲಿದೆಯಾ ಅಂತಲೂ ಕೇಳು.

ಇರುವ ಜಾಗಕ್ಕೆ ಮೊದಲು ಸರ್ಕಾರಿ ಹಾಸ್ಟೆಲ್‌ಗೆ ಅರ್ಜಿ ಹಾಕು. ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್, ನಿನಗೆ ಯಾವುದು ಅನ್ವಯವೋ ಅದು. ಸಿಗಲಿಲ್ಲ ಅಂದರೆ ಸುಮ್ನೆ ಕೂರಬೇಡ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ, ವಸತಿಗೆ ಅಂತಲೇ ವಿದ್ಯಾಸಿರಿ ಯೋಜನೆ ಇದೆ.

ಪಿಜಿ, ಅಂದರೆ ತಿಂಗಳಿಗೆ ದುಡ್ಡು ಕೊಟ್ಟು ಊಟದ ಜೊತೆ ಇರುವ ರೂಮು ಹುಡುಕುವುದಾದರೆ ಮಲ್ಲೇಶ್ವರ, ಶೇಷಾದ್ರಿಪುರಂ ಕಡೆ ನೋಡು. ಕಾಲೇಜಿಗೆ ಹತ್ತಿರ. ಆದರೆ ಪಿಜಿ ನೋಡಲು ಬೆಳಿಗ್ಗೆ ಹನ್ನೊಂದಕ್ಕೆ ಹೋಗಬೇಡ. ಆಗ ಹುಡುಗಿಯರೆಲ್ಲ ಕಾಲೇಜಿಗೆ ಹೋಗಿರುತ್ತಾರೆ, ರೂಮು ಗುಡಿಸಿ ಒರೆಸಿ ಚಂದ ಕಾಣುತ್ತಿರುತ್ತದೆ. ಅಪ್ಪನ ಜೊತೆ ರಾತ್ರಿ ಎಂಟಕ್ಕೆ ಹೋಗು. ಅವರು ಕೆಳಗೆ ನಿಂತಿರಲಿ, ನೀನು ಊಟದ ಜಾಗಕ್ಕೆ ಹೋಗು. ಸಾರಿನ ಪಾತ್ರೆ ನೋಡು. ತಟ್ಟೆ ಹಿಡಿದು ನಿಂತ ಹುಡುಗಿಯನ್ನು ಕೇಳು: ಬೆಳಿಗ್ಗೆ ಏಳಕ್ಕೆ ನಲ್ಲಿಯಲ್ಲಿ ನೀರು ಬರುತ್ತಾ? ಬಿಸಿನೀರು ಎಷ್ಟು ಗಂಟೆವರೆಗೆ? ಎಷ್ಟು ಜನಕ್ಕೆ ಒಂದು ಬಾತ್‌ರೂಮು? ಗೇಟು ಎಷ್ಟಕ್ಕೆ ಹಾಕುತ್ತಾರೆ? ಹೋದ ತಿಂಗಳು ಬಿಟ್ಟುಹೋದವರಿಗೆ ಅಡ್ವಾನ್ಸ್ ವಾಪಸ್ ಸಿಕ್ಕಿತಾ? ಓನರ್ ಹೇಳದ ಮಾತನ್ನು ಆ ಹುಡುಗಿ ಎರಡು ನಿಮಿಷದಲ್ಲಿ ಹೇಳಿಬಿಡುತ್ತಾಳೆ.

ಆ ಕೊನೆಯ ಪ್ರಶ್ನೆ ನಾನು ಕೇಳಿರಲಿಲ್ಲ. ನನ್ನ ಮೊದಲ ಪಿಜಿಗೆ ಎಂಟು ಸಾವಿರ ಅಡ್ವಾನ್ಸ್ ಕೊಟ್ಟೆ. ನಾಲ್ಕು ತಿಂಗಳಿಗೆ ಬಿಡುವಾಗ ಮೇಂಟೆನೆನ್ಸ್ ಅಂತ ಮೂರು ಸಾವಿರ ಹಿಡಿದುಕೊಂಡರು. ಬರೆದುಕೊಟ್ಟಿದ್ದು ಏನೂ ಇರಲಿಲ್ಲ. ಅಮ್ಮ ಕೊಬ್ಬರಿ ಮಾರಿ ಕೊಟ್ಟ ದುಡ್ಡು ಅದು, ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ. ಎಷ್ಟು ಹಿಡಿಯುತ್ತಾರೆ, ಎಷ್ಟು ದಿನ ಮುಂಚೆ ಹೇಳಬೇಕು, ಎರಡನ್ನೂ ರಸೀದಿ ಮೇಲೇ ಬರೆಸಿಕೊ. ಬರೆಯಲು ಹಿಂದೆಮುಂದೆ ನೋಡಿದರೆ ಆ ಪಿಜಿ ಬೇಡ.

ಓಡಾಟ ಸುಲಭ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ಕರ್ನಾಟಕದ ವಿಳಾಸ ಇರುವ ಆಧಾರ್ ಬ್ಯಾಗಿನಲ್ಲಿರಲಿ. ಎಸಿ ಬಸ್ಸಿಗೆ, ಮೆಟ್ರೋಗೆ ಇದು ನಡೆಯುವುದಿಲ್ಲ. ಮೆಟ್ರೋದಲ್ಲಿ ಬರುವ ದಿನ ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದಲ್ಲಿ ಒಂದೇ ಸ್ಟಾಪ್, ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ. ಇಳಿದು ನಡೆದರೆ ಆಯಿತು. ಕಾಲೇಜಿನ ಹತ್ತಿರವೇ ಫ್ರೀಡಂ ಪಾರ್ಕ್. ದೊಡ್ಡ ಪ್ರತಿಭಟನೆ ಇರುವ ದಿನ ಶೇಷಾದ್ರಿ ರಸ್ತೆ ತುಂಬಿಹೋಗುತ್ತದೆ, ಪರೀಕ್ಷೆ ಇದ್ದರೆ ಅರ್ಧ ಗಂಟೆ ಮುಂಚೆ ಹೊರಡು. ಭಯ ಅನ್ನಿಸಿದರೆ 112ಕ್ಕೆ ಫೋನ್ ಮಾಡು, ಯೋಚನೆ ಮಾಡುತ್ತಾ ನಿಲ್ಲಬೇಡ.

ಈಗ ಕ್ಲಾಸಿನ ಮಾತು. ನೀನು ಕನ್ನಡ ಮೀಡಿಯಂ, ನಾನೂ ಅದೇ. ಮೊದಲ ವಾರ ಅಕೌಂಟ್ಸ್ ಕ್ಲಾಸಿನಲ್ಲಿ ಡಿಪ್ರಿಸಿಯೇಷನ್ ಅಂತ ಬೋರ್ಡಿನ ಮೇಲೆ ಬರೆದರು. ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ರೂಮಿಗೆ ಬಂದು ಅತ್ತೆ. ಮಾರನೇ ದಿನ ಕ್ಲಾಸ್ ಮುಗಿದಮೇಲೆ ಮೇಡಂ ಹತ್ತಿರ ಹೋಗಿ ಕನ್ನಡದಲ್ಲೇ ಕೇಳಿದೆ. ‘ಸವಕಳಿ ಕಣಮ್ಮ. ನಿಮ್ಮ ಮನೇಲಿ ಟಿಲ್ಲರ್ ಇದೆಯಾ? ವರ್ಷ ವರ್ಷ ಅದರ ಬೆಲೆ ಇಳಿಯುತ್ತಲ್ವಾ, ಅದೇ’ ಅಂದರು. ಅಷ್ಟೇ! ಅವತ್ತೇ ಇನ್ನೂರು ಪುಟದ ನೋಟ್‌ಬುಕ್ ತಂದೆ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡದಲ್ಲಿ ಅರ್ಥ, ಕೆಳಗೆ ನಮ್ಮ ಊರಿನದೇ ಒಂದು ಉದಾಹರಣೆ. ಎರಡನೇ ಸೆಮಿಸ್ಟರ್ ಹೊತ್ತಿಗೆ ಅದು ಕ್ಲಾಸಿನ ಅರ್ಧ ಹುಡುಗಿಯರ ಕೈಯಲ್ಲಿ ಓಡಾಡುತ್ತಿತ್ತು. ನೀನೂ ಮೊದಲ ದಿನದಿಂದಲೇ ಒಂದು ಶುರು ಮಾಡು. ಪಠ್ಯಪುಸ್ತಕ ಅವೆನ್ಯೂ ರೋಡಿನಲ್ಲಿ ಹಳೇದು ಸಿಗುತ್ತದೆ. ರೂಮಿನಲ್ಲಿ ಗಲಾಟೆ ಇದ್ದರೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯಕ್ಕೆ ಹೋಗಿ ಓದು.

ಹೆಣ್ಣುಮಕ್ಕಳ ಕಾಲೇಜು ಅಂದರೆ ಮನೆಯವರಿಗೆ ಸೇಫ್ ಅನ್ನುವುದೊಂದೇ ಸಮಾಧಾನ. ನನಗೆ ಅಲ್ಲಿ ಸಿಕ್ಕಿದ್ದು ಬೇರೆ. ಊರಿನ ಕಾಲೇಜಿನಲ್ಲಿ ಕಾರ್ಯಕ್ರಮ ಅಂದರೆ ಮೈಕ್, ವೈರು, ಶಾಮಿಯಾನ ಎಲ್ಲ ಹುಡುಗರದು, ನಮ್ಮದು ರಂಗೋಲಿ, ಆರತಿ ತಟ್ಟೆ. ಇಲ್ಲಿ ಹುಡುಗರೇ ಇಲ್ಲವಲ್ಲ. ಬೆಂಚು ಎತ್ತಿ ಸಾಲು ಹಾಕುವವರು ನಾವೇ, ಸೌಂಡ್ ಬಾಕ್ಸಿಗೆ ವೈರ್ ಚುಚ್ಚುವವರೂ ನಾವೇ, ಖರ್ಚಿನ ಲೆಕ್ಕ ಒಪ್ಪಿಸುವವರೂ ನಾವೇ. ನಾನು ಮೊದಲ ಸಲ ಮೈಕ್ ಹಿಡಿದಾಗ ಕೈ ನಡುಗಿ ಮೈಕೇ ಗರಗರ ಅಂದಿತು. ಮುಂದಿನ ಸಾಲಿನ ಹುಡುಗಿ ‘ಮಾತಾಡು ಮಾತಾಡು’ ಅಂತ ಕೈ ಸನ್ನೆ ಮಾಡಿದಳು. ಮಾತಾಡಿದೆ. ಎನ್‌ಎಸ್‌ಎಸ್, ಎನ್‌ಸಿಸಿ, ಕಬಡ್ಡಿ, ನಾಟಕ, ಯಾವುದಾದರೂ ಒಂದಕ್ಕೆ ಮೊದಲ ತಿಂಗಳಲ್ಲೇ ಹೆಸರು ಕೊಡು. ಆಮೇಲೆ ನೋಡೋಣ ಅಂದುಕೊಂಡರೆ ಮೂರು ವರ್ಷ ಹಾಗೇ ಕಳೆದುಹೋಗುತ್ತದೆ.

ಮನೆ ನೆನಪು ಬರುತ್ತದೆ, ಅದರಲ್ಲೂ ಭಾನುವಾರ ಸಂಜೆ ಜಾಸ್ತಿ. ಅಮ್ಮನಿಗೆ ದಿನಾ ಒಂದೇ ಹೊತ್ತಿಗೆ ಫೋನ್ ಮಾಡು, ಅವರಿಗೂ ನಿದ್ದೆ ಬರುತ್ತದೆ. ಬರುವಾಗ ಕೊಬ್ಬರಿ ಚಟ್ನಿಪುಡಿ ಎರಡು ಡಬ್ಬಿ ತಾ. ನನ್ನ ರೂಮಿನಲ್ಲಿ ಕಲಬುರಗಿಯವಳು ಶೇಂಗಾ ಚಟ್ನಿ ತಂದಿದ್ದಳು, ಸಿರ್ಸಿಯವಳು ಅಪ್ಪೆಮಿಡಿ. ಮೊದಲ ರಾತ್ರಿ ಮೂವರೂ ಡಬ್ಬಿ ಬಿಚ್ಚಿ ನಡುವೆ ಇಟ್ಟೆವು. ನನ್ನ ಒಂದು ಡಬ್ಬಿ ಆ ವಾರವೇ ಖಾಲಿ.